ಒತ್ತು ಕಳೆದುಕೊಂಡ ಕತ್ತೆ

"ಕತೆ ಸಾಕಿ ಲಾಭ ಗಳಿಸಿದ ಯುವಕ."

ಬೆಳಗ್ಗೆ ಮೊಬೈಲ್ ತೆರೆದ ಕೂಡಲೇ ಕಂಡ ತಲೆಬರಹ ಇದು. ಬರೆಯುವ ಚಟವಿರುವ ಯಾರಿಗಾದರೂ ಮೈ ಜುಮ್ಮೆನ್ನಬೇಕಾದ ಸುದ್ದಿ. ಕತೆಗಳನ್ನು ಸಾಕುವ ಕಷ್ಟ ನನಗೂ ಗೊತ್ತು. ಅವು ವರ್ಷಗಟ್ಟಲೆ ತಲೆ ತಿನ್ನುತ್ತವೆ, ಹೊರಗೆ ಬಿಟ್ಟರೆ ಯಾರೂ ಮೂಸಿ ನೋಡುವುದಿಲ್ಲ. ಈ ಹುಡುಗ ಲಾಭವನ್ನೇ ಮಾಡಿದ್ದಾನೆಂದರೆ ಅವನ ಗುಟ್ಟೇನು ಎಂದು ಆತುರದಿಂದ ಬೆರಳೊತ್ತಿದೆ. ಒಳಗೆ ನಾಲ್ಕು ಕತ್ತೆಗಳು ನನ್ನನ್ನೇ ದಿಟ್ಟಿಸುತ್ತ ನಿಂತಿದ್ದವು.

ಹಿಂದಕ್ಕೆ ಬಂದು ತಲೆಬರಹವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದೆ. 'ತೆ' ಅಕ್ಷರದ ಬುಡದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಯೊಂದು ಉಳಿದಿತ್ತು. ಅದು ಒತ್ತಿನ ನೆತ್ತಿ. ಮಿಕ್ಕ ದೇಹವನ್ನು ಕೆಳಗಿನ ಚಿತ್ರ ನುಂಗಿ ನೀರು ಕುಡಿದಿತ್ತು.

ಇದರ ಹಿಂದಿನ ಲೆಕ್ಕಾಚಾರ ಸರಳ. ಪರದೆಯ ಮೇಲೆ ಪ್ರತಿ ಸಾಲಿಗೂ ಇಷ್ಟೇ ಎತ್ತರ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅದರಾಚೆ ಚಾಚಿದ್ದನ್ನು ಕತ್ತರಿಸು ಎಂಬ ಅಪ್ಪಣೆಯೂ ಜೊತೆಗಿರುತ್ತದೆ. ಆ ಎತ್ತರವನ್ನು ಅಳೆದದ್ದು ರೋಮನ್ ಲಿಪಿಯನ್ನು ಎದುರಿಗಿಟ್ಟುಕೊಂಡು. ಅಲ್ಲಿ ಗೆರೆಯ ಕೆಳಗೆ ಇಳಿಯುವುದು ಸಣ್ಣ ಜಿ, ಪಿ, ವೈಗಳಂಥ ಕೆಲವು ಅಕ್ಷರಗಳ ಬಾಲ ಮಾತ್ರ. ನಮ್ಮ 'ಸ್ತ್ರೀ', 'ಸೂಕ್ಷ್ಮ', 'ಲಕ್ಷ್ಮಿ'ಯರೆಲ್ಲ ನೆಲಮಾಳಿಗೆ ಸಮೇತ ಕಟ್ಟಿದ ಮನೆಗಳು. ನೆಲಮಾಳಿಗೆಗೆ ಜಾಗವಿಲ್ಲ ಎಂದರೆ ಅಲ್ಲಿರುವವರು ಎಲ್ಲಿಗೆ ಹೋಗಬೇಕು?

ಪುಟದ ವಿನ್ಯಾಸ ಮಾಡುವವರು ಅದನ್ನು ಓದುವುದೇ ಇಲ್ಲ, ಬರೀ ನೋಡುತ್ತಾರೆ ಎಂಬುದು ನನ್ನ ಗಟ್ಟಿ ಅನುಮಾನ. ಪುರಾವೆಯೂ ಇದೆ. ಮಾದರಿ ಪುಟಗಳಲ್ಲಿ ಅವರು ತುಂಬಿಸುವುದು 'ಲೊರೆಮ್ ಇಪ್ಸಮ್' ಎಂದು ಶುರುವಾಗುವ ಲ್ಯಾಟಿನ್. ಕ್ರಿ.ಪೂ. 45ರಲ್ಲಿ ಸಿಸೆರೊ ಬರೆದ ತತ್ತ್ವಶಾಸ್ತ್ರದ ಸಾಲುಗಳನ್ನು ಕತ್ತರಿಸಿ, ಕಲಸಿ, ಅರ್ಥ ಕೆಡಿಸಿ ಮಾಡಿದ ಪಠ್ಯ ಅದು. ಅರ್ಥವಿದ್ದರೆ ನೋಡುವವರು ಓದಲು ಶುರುಮಾಡಿಬಿಡುತ್ತಾರೆ, ವಿನ್ಯಾಸದ ಚೆಂದ ಅವರ ಕಣ್ಣಿಗೆ ಬೀಳುವುದಿಲ್ಲ ಎಂಬ ಮುಂಜಾಗ್ರತೆ. ಅಂದರೆ ಓದು ಎಂಬುದು ಈ ಕೆಲಸಕ್ಕೆ ಮೊದಲಿನಿಂದಲೂ ಅಡಚಣೆಯೇ.

ಬಣ್ಣದ ವಿಷಯವೂ ಹಾಗೆಯೇ. ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರವಿದ್ದರೆ ಅವುಗಳ ಹೊಳಪಿನ ನಡುವಿನ ಅನುಪಾತ 21ಕ್ಕೆ 1. ಮಾಮೂಲಿ ಗಾತ್ರದ ಅಕ್ಷರಗಳಿಗೆ ಅದು ಕನಿಷ್ಠ 4.5ಕ್ಕೆ 1 ಆದರೂ ಇರಲಿ ಎಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡ ಕೇಳಿಕೊಳ್ಳುತ್ತದೆ. ಅಷ್ಟು ದೊಡ್ಡ ರಿಯಾಯಿತಿ ಕೊಟ್ಟರೂ ಅದರ ಕೆಳಗೇ ನುಸುಳುವ ತೆಳು ಬೂದು ಬಣ್ಣವನ್ನು ಹುಡುಕಿ ತಂದು ಹಚ್ಚುತ್ತಾರೆ. ಇನ್ನು ಓದುತ್ತಿರುವಾಗಲೇ ಎಲ್ಲಿಂದಲೋ ಜಾಹೀರಾತು ಬಂದು ಕುಳಿತು, ಸಾಲುಗಳೆಲ್ಲ ಕೆಳಕ್ಕೆ ಜಿಗಿದು, ನಾವು ಒತ್ತಲು ಹೋದದ್ದೊಂದು ಒತ್ತಿದ್ದು ಇನ್ನೊಂದಾಗುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಜಿಗಿತವನ್ನು ಅಳೆಯಲು ಗೂಗಲ್ 2020ರಲ್ಲಿ ಮಾಪನವೊಂದನ್ನು ಮುಂದಿಟ್ಟಿತು. ಅಂಕ 0.1ರೊಳಗೆ ಇದ್ದರೆ ಪುಟ ಉತ್ತಮವಂತೆ. ಕೆಲವು ಪುಟಗಳು ಇದನ್ನು ಉದ್ದ ಜಿಗಿತದ ಸ್ಪರ್ಧೆ ಎಂದು ತಿಳಿದಂತಿದೆ.

ನನ್ನ ಸಿಟ್ಟು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ನನ್ನ ಸೋದರಮಾವನದು ಹಾಗಲ್ಲ. ಅವರು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಕರಡು ತಿದ್ದಿ ನಿವೃತ್ತರಾದವರು. ಮೊಬೈಲಿನ ಅಕ್ಷರವನ್ನು ಅದು ಎಷ್ಟು ದೊಡ್ಡದಾಗಲು ಸಾಧ್ಯವೋ ಅಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ಒಂದು ಸಾಲಿಗೆ ಮೂರು ಪದ ಹಿಡಿಸಿದರೆ ಹೆಚ್ಚು. ಜೊತೆಗೆ ಕರಡು ತಿದ್ದುವ ಕಾಲದಿಂದ ಬಂದ ಅಭ್ಯಾಸ: ಏನನ್ನೇ ಆಗಲಿ ಗಟ್ಟಿಯಾಗಿ ಓದಬೇಕು, ಸಾಲಿನ ಕೊನೆಗೆ ನಿಲ್ಲಬೇಕು.

ಮೊನ್ನೆ ಹೀಗೇ ಕುಳಿತು ಸುದ್ದಿ ಓದುತ್ತಿದ್ದರು. "ಹಿರಿಯ ನಟರು ಇನ್ನಿಲ್ಲ" ಎಂದು ನಿಲ್ಲಿಸಿದರು. ಕನ್ನಡಕ ತೆಗೆದರು. ಒರೆಸಿದರು. ಒಳಗಿದ್ದ ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಅಯ್ಯೋ, ಮೊನ್ನೆ ಮೊನ್ನೆ ಟಿವಿಯಲ್ಲಿ ಗಟ್ಟಿಮುಟ್ಟಾಗಿದ್ದರಲ್ಲ" ಎಂದರು. ಮಾವ ತಲೆ ಅಲ್ಲಾಡಿಸಿ, "ಏನು ಹೇಳುವುದು, ಮನುಷ್ಯನ ಆಯುಸ್ಸು" ಎಂದರು. ಅತ್ತೆ ಅಲ್ಲಿಯೇ ಕುಳಿತು, ಆ ನಟರ ಹಳೆಯ ಚಿತ್ರವೊಂದನ್ನು ತಾವು ಮನೆಯಲ್ಲಿ ಸುಳ್ಳು ಹೇಳಿ ನೋಡಿ ಬಂದ ಕತೆ ತೆಗೆದರು. ಅಷ್ಟರಲ್ಲಿ ಅವರ ಮಗಳು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಹಾಕಿಯಾಗಿತ್ತು. ಕೈಮುಗಿದ ಚಿತ್ರಗಳು, ಬಾಡಿದ ಹೂವುಗಳು, 'ತುಂಬಲಾರದ ನಷ್ಟ'ಗಳು ಸಾಲುಗಟ್ಟಿ ಬರತೊಡಗಿದವು.

ಮಾವ ಕನ್ನಡಕ ಏರಿಸಿಕೊಂಡು ಪರದೆಯನ್ನು ಮೇಲಕ್ಕೆ ಸರಿಸಿ ಮುಂದಿನ ಸಾಲು ಓದಿದರು: "ದ ಉತ್ಸಾಹದಲ್ಲಿ."

ಮನೆ ಸ್ತಬ್ಧ.

"ಮೊಮ್ಮಗಳ ಮದುವೆಯಲ್ಲಿ. ಕುಣಿದು ಎಲ್ಲರನ್ನೂ. ರಂಜಿಸಿದರು."

ಅತ್ತೆ ಒಂದು ಮಾತೂ ಆಡದೆ ಎದ್ದು ಒಳಗೆ ಹೋದರು. ಅವರ ಮುಖದಲ್ಲಿದ್ದದ್ದು ಸಮಾಧಾನವೋ, ಅಷ್ಟು ದುಃಖ ವ್ಯರ್ಥವಾಯಿತೆಂಬ ಬೇಸರವೋ ಹೇಳಲಾರೆ. ಗುಂಪಿಗೆ ಎಷ್ಟು ತಿದ್ದುಪಡಿ ಹಾಕಿದರೂ ಸಂತಾಪಗಳು ರಾತ್ರಿಯವರೆಗೆ ಬರುತ್ತಲೇ ಇದ್ದವು. ದೂರದ ಭಾವನೊಬ್ಬರು ಮರುದಿನವೂ ಕಳಿಸಿದರು.

ಸಾಲಿನಲ್ಲಿ ಪದ ಹಿಡಿಸದಿದ್ದರೆ ಎಲ್ಲಿ ಬೇಕಾದರೂ ಮುರಿ ಎಂದು ಪುಟಕ್ಕೆ ಹೇಳಿಟ್ಟದ್ದರ ಫಲ ಇದು. ಕನ್ನಡದ ಪದಗಳು ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. 'ಹೋಗಬೇಕಾಗಿರುವುದರಿಂದ' ಒಂದೇ ಮೊಬೈಲಿನ ಅರ್ಧ ಅಗಲ ತಿನ್ನುತ್ತದೆ. ಮುರಿಯಬೇಡ ಎಂದರೂ ಗತಿಯಿಲ್ಲ. ಎರಡೂ ಅಂಚು ಸಮವಿರಲಿ ಎಂಬ ಆಸೆಗೆ ಬಿದ್ದು ಈ ದಡದಲ್ಲೊಂದು ಪದ, ಆ ದಡದಲ್ಲೊಂದು ಪದ ನಿಲ್ಲಿಸಿ ನಡುವೆ ಬಯಲು ಬಿಡುತ್ತಾರೆ. ಅಚ್ಚಿನಲ್ಲಾದರೆ ಪದ ಮುರಿದ ಕಡೆ ಒಂದು ಅಡ್ಡಗೆರೆ ಇರುತ್ತಿತ್ತು. ಆ ಪುಟ್ಟ ಗೆರೆಯೊಂದಿದ್ದಿದ್ದರೆ ನಟರು ಬದುಕಿಕೊಳ್ಳುತ್ತಿದ್ದರು.

ಮಾವನ ಇನ್ನೊಂದು ಪಾಡು ಒಪ್ಪಿಗೆಯ ಪೆಟ್ಟಿಗೆಗಳದ್ದು. ಅವರ ದೊಡ್ಡ ಅಕ್ಷರಕ್ಕೆ ಪೆಟ್ಟಿಗೆ ತುಂಬಿ, 'ಒಪ್ಪುತ್ತೇನೆ' ಎಂಬ ಗುಂಡಿ ಪರದೆಯ ತಳದಾಚೆ ಇಳಿದುಹೋಗಿರುತ್ತದೆ. ಸರಿಸಿದರೆ ಸರಿಯುವುದಿಲ್ಲ. ಮೊಬೈಲನ್ನು ಅಡ್ಡ ಹಿಡಿದರೆ ಇನ್ನೂ ಆಳಕ್ಕೆ ಹೋಗುತ್ತದೆ. ಅಕ್ಷರ ಚಿಕ್ಕದು ಮಾಡಿದರೆ ಗುಂಡಿಯೇನೋ ಸಿಗುತ್ತದೆ, ಆದರೆ ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂಬುದು ಕಾಣುವುದಿಲ್ಲ. "ಓದಿದರೆ ಒಪ್ಪುವಂತಿಲ್ಲ, ಒಪ್ಪಿದರೆ ಓದುವಂತಿಲ್ಲ. ಇದೇನಪ್ಪಾ ನ್ಯಾಯ?" ಎಂದು ನನ್ನನ್ನು ಕೇಳುತ್ತಾರೆ, ನಾನೇ ಆ ಪೆಟ್ಟಿಗೆ ಮಾಡಿದವನು ಎನ್ನುವಂತೆ.

ಅವರು ಕೆಲಸ ಮಾಡುತ್ತಿದ್ದಾಗ ಮೊಳೆಗಳಲ್ಲಿ ಅಕ್ಷರ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿರುತ್ತಿತ್ತು. ಜೋಡಿಸಿದ ಸಾಲನ್ನು ತಲೆಕೆಳಗಾಗಿ ಇಟ್ಟುಕೊಂಡು ಓದುತ್ತಿದ್ದರಂತೆ. ಸಾಲು ಸಾಲಿನ ನಡುವೆ ಸೀಸದ ತೆಳು ಪಟ್ಟಿ ತೂರಿಸಬೇಕು. ತೂರಿಸದಿದ್ದರೆ ಯಜಮಾನರು ಕರೆದು, "ಓದುವವನಿಗೆ ಉಸಿರಾಡಲು ಜಾಗ ಬೇಡವೇನಯ್ಯಾ?" ಎಂದು ಗದರುತ್ತಿದ್ದರಂತೆ. ತಿರುವುಮುರುವಾದ, ತಲೆಕೆಳಗಾದ ಅಕ್ಷರವನ್ನು ಸಲೀಸಾಗಿ ಓದಿದ ಅದೇ ಕಣ್ಣು ಇವತ್ತು ನೆಟ್ಟಗೆ ನಿಂತ ಅಕ್ಷರದೆದುರು ಕಿರಿದಾಗುವುದನ್ನು ನೋಡಿದರೆ ಒಮ್ಮೊಮ್ಮೆ ಕಸಿವಿಸಿಯಾಗುತ್ತದೆ. ಅವರ ಬೆರಳ ತುದಿ ಈಗಲೂ ಸಾಲಿನ ಕೆಳಗೆ ಸರಿಯುತ್ತ ಹೋಗುತ್ತದೆ. ಪರದೆ ಅದನ್ನು ಅಪ್ಪಣೆ ಎಂದು ತಿಳಿದು ಪುಟವನ್ನೇ ಬದಲಿಸಿಬಿಡುತ್ತದೆ.

ಕೊನೆಗೆ ಅವರಿಗೆ 'ಓದುವ ನೋಟ' ತೋರಿಸಿಕೊಟ್ಟೆ. ಒಂದು ಗುಂಡಿ ಒತ್ತಿದರೆ ಬಣ್ಣ, ಪೆಟ್ಟಿಗೆ, ಜಾಹೀರಾತು ಎಲ್ಲ ಮಾಯ. ಬರೀ ಅಕ್ಷರ, ಸಾಕಷ್ಟು ಅಂತರ. ಆ್ಯಪಲ್ ಕಂಪನಿಯ ಸಫಾರಿ ಬ್ರೌಸರಿನಲ್ಲಿ ಇದು 2010ರಿಂದಲೇ ಇದೆ. ಮಾವ ಬೆರಗಾದರು. "ಹಾಗಾದರೆ ಮೊದಲು ಕಾಣುತ್ತಿದ್ದ ಪುಟ ಯಾರಿಗೆ?" ಎಂದು ಕೇಳಿದರು. ಉತ್ತರ ಗೊತ್ತಿದ್ದರೆ ತಾನೇ ಹೇಳುವುದು. ಖುಷಿಯಿಂದ ಓದತೊಡಗಿದರು: "ಕಳ್ಳನನ್ನು ಬೆನ್ನಟ್ಟಿದ ಪೊಲೀಸರು ಕೊನೆಗೂ. ಇದನ್ನೂ ಓದಿ: ಕೂದಲು ಉದುರುತ್ತಿದೆಯೇ? ಇಲ್ಲಿದೆ ಪರಿಹಾರ."

ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದರು.

"ಅದನ್ನೇ ಓದಲು ಬಿಡುತ್ತಿಲ್ಲ, ಇದನ್ನೂ ಓದಬೇಕಂತೆ!"