ಸತ್ಯಾಂಶ: ಸ್ಕ್ರೀನಿನ ಕಪ್ಪು ಚುಕ್ಕೆ ಒತ್ತಿದರೆ ಹೋಗುತ್ತದೆಯೇ?

‘ಮಾನಿಟರ್ ಮೇಲೆ ಚುಕ್ಕೆ ಕಂಡರೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ರಾತ್ರಿಯಿಡೀ ಬಣ್ಣ ಮಿನುಗುವ ವಿಡಿಯೋ ಹಚ್ಚಿಡಿ, ಎಂಥ ಚುಕ್ಕೆಯೂ ಮಾಯ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದನ್ನು ಪೂರ್ತಿ ನಂಬಬೇಡಿ.

ಮೊದಲು ಸ್ಕ್ರೀನ್ ಆಫ್ ಮಾಡಿ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ವಿಜಯಪುರದ ಬೇಸಿಗೆಯ ಧೂಳಿನಲ್ಲಿ ಎಷ್ಟೋ ‘ಸತ್ತ ಪಿಕ್ಸೆಲ್’ಗಳು (ಪಿಕ್ಸೆಲ್ ಎಂದರೆ ಸ್ಕ್ರೀನಿನ ಚಿತ್ರ ಮೂಡಿಸುವ ಪುಟ್ಟ ಬಿಂದು) ಇಲ್ಲೇ ಹೋಗಿಬಿಡುತ್ತವೆ! ಆಮೇಲೆ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣದ ಖಾಲಿ ಚಿತ್ರಗಳನ್ನು ಒಂದೊಂದಾಗಿ ಪೂರ್ತಿ ಸ್ಕ್ರೀನಿಗೆ ಹಾಕಿ, ಮೂಲೆಯಿಂದ ಮೂಲೆಗೆ ನೋಡಿ. ಕೋಣೆ ಕತ್ತಲಾಗಿದ್ದರೆ ಒಳ್ಳೆಯದು. ಸ್ಕ್ರೀನ್‌ಶಾಟ್ ತೆಗೆದು ಬೇರೆ ಮೊಬೈಲಿನಲ್ಲಿ ನೋಡಿದಾಗಲೂ ಚುಕ್ಕೆ ಅಲ್ಲೇ ಇದ್ದರೆ ದೋಷ ಪ್ಯಾನೆಲಿನದಲ್ಲ, ಸಾಫ್ಟ್‌ವೇರ್ ಅಥವಾ ಚಿತ್ರದ್ದು.

ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ 1920 × 1080, ಅಂದರೆ 20,73,600 ಪಿಕ್ಸೆಲ್. ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಪಿಕ್ಸೆಲ್. ಇವುಗಳಲ್ಲಿ ಒಂದು ಸದಾ ಹೊತ್ತಿಕೊಂಡೇ ಇದ್ದರೆ ಕಪ್ಪು ಹಿನ್ನೆಲೆಯಲ್ಲಿ ಬಣ್ಣದ ಚುಕ್ಕೆ ಕಾಣುತ್ತದೆ. ಇದು ಸಿಲುಕಿದ ಪಿಕ್ಸೆಲ್. ಮಿನುಗುವ ವಿಡಿಯೋದಿಂದ ಕೆಲವೊಮ್ಮೆ ಸರಿಹೋಗುವುದು ಇದೊಂದೇ, ಅದೂ ಖಾತ್ರಿಯಿಲ್ಲ. (ಅಪಸ್ಮಾರ ಇರುವವರು ಆ ವಿಡಿಯೋ ನೋಡಲೇಬಾರದು.) ಎಲ್ಲ ಬಣ್ಣದ ಮೇಲೂ ಕಪ್ಪಾಗಿಯೇ ಉಳಿಯುವುದು ಸತ್ತ ಪಿಕ್ಸೆಲ್. ಅದನ್ನು ನಡೆಸುವ ಪುಟ್ಟ ಸ್ವಿಚ್ಚು, ಅಂದರೆ ಟ್ರಾನ್ಸಿಸ್ಟರ್, ಕೆಟ್ಟಿದ್ದರೆ ವಿಡಿಯೋ ಏನು ಮಾಡೀತು?

ಒತ್ತುವುದಂತೂ ಬೇಡ. ತೆಳುವಾದ ಗಾಜಿನ ಹಾಳೆಗಳ ನಡುವಿನ ದ್ರವಸ್ಫಟಿಕ ಅದುಮಿಕೊಂಡು ಕಲೆಯಾಗಬಹುದು, ಪಕ್ಕದ ಪಿಕ್ಸೆಲ್‌ಗಳೂ ಕೆಡಬಹುದು.

ಬೆಳಗಾವಿಯಲ್ಲಿ ಹೊಸ ಮಾನಿಟರ್ ಕೊಳ್ಳುವವರು ಅಂಗಡಿಯಲ್ಲೇ ಈ ಐದು ಬಣ್ಣ ಹಾಕಿಸಿ ನೋಡಿ. ಒಂದೆರಡು ಕೆಟ್ಟ ಪಿಕ್ಸೆಲ್‌ಗಳನ್ನು ಅನೇಕ ಕಂಪನಿಗಳ ವಾರಂಟಿ ದೋಷವೆಂದೇ ಎಣಿಸುವುದಿಲ್ಲ. ಎಷ್ಟಾದರೆ ಬದಲಿಸಿಕೊಡುತ್ತಾರೆಂದು ಬಿಲ್ ಮಾಡಿಸುವ ಮುಂಚೆಯೇ ಕೇಳಿ.