ಸ್ವತಂತ್ರ ವಿಜ್ಞಾನಿಗೆ ಮೂರು ಕೊಟೇಶನ್

ಕೇಂದ್ರ ಸರ್ಕಾರದ ಫೆಲೋಶಿಪ್ ಪಡೆದ ಯುವ ವಿಜ್ಞಾನಿಗಳಿಗೆ, ಅಂದರೆ ಇನ್‌ಸ್ಪೈರ್ ಫ್ಯಾಕಲ್ಟಿಗಳಿಗೆ ತಿಂಗಳುಗಟ್ಟಲೆ ಸಂಬಳ ಬಂದಿಲ್ಲ ಎಂಬ ಸುದ್ದಿ ಮತ್ತೆ ಕಣ್ಣಿಗೆ ಬಿತ್ತು. ನಿಮಗೂ ಗೊತ್ತಿರುವ ಕಥೆಯೇ. ಕಾಗದದ ಮೇಲೆ ಭರ್ಜರಿ ಫೆಲೋಶಿಪ್ ಇದು. ತಿಂಗಳಿಗೆ 1,25,000 ರೂಪಾಯಿ, ಸಂಶೋಧನೆಗೆ ವರ್ಷಕ್ಕೆ 7 ಲಕ್ಷ, ಒಟ್ಟು ಐದು ವರ್ಷ. ಜನ ಸುಮ್ನೆ ಸರ್ಕಾರವನ್ನು ಬೈಯುತ್ತಾರೆ. ಪಿಎಚ್‌ಡಿ ಮುಗಿಸಿದವರನ್ನು ಸ್ವತಂತ್ರ ವಿಜ್ಞಾನಿಗಳನ್ನಾಗಿ ಮಾಡುವುದೇ ಯೋಜನೆಯ ಉದ್ದೇಶ ಅಲ್ವಾ? ಸಂಬಳದ ಹಂಗಿನಿಂದಲೂ ಸ್ವತಂತ್ರ ಮಾಡಿಬಿಟ್ಟಿದ್ದಾರೆ. ಇದಕ್ಕಿಂತ ಇನ್ನೇನು ಬೇಕು?

ಬೆಂಗಳೂರಿನ ಮನೆ ಓನರ್‌ಗೆ ಮಾತ್ರ ಇದೆಲ್ಲ ಅರ್ಥವಾಗುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಮೊದಲೇ ಇಸ್ಕೊಂಡಿರುತ್ತಾರೆ, ಆದರೂ ಐದನೇ ತಾರೀಕು ಬಾಗಿಲು ತಟ್ಟುತ್ತಾರೆ. ದೆಹಲಿಯಿಂದ ಬಂದ ಸ್ಯಾಂಕ್ಷನ್ ಲೆಟರ್ ತೋರಿಸಿದರೆ, "ಅದೆಲ್ಲ ಸರಿ ಮೇಡಂ, ಫೋನ್‌ಪೇ ಯಾವಾಗ ಮಾಡ್ತೀರ?" ಅನ್ನುತ್ತಾರೆ.

ಈ ಸ್ವಾತಂತ್ರ್ಯ ಸುಮ್ನೆ ಸಿಗುವುದಲ್ಲ. ಪಿಎಚ್‌ಡಿಗೆ ಐದಾರು ವರ್ಷ. ಆಮೇಲೆ ಬಾಸ್ಟನ್ನೋ ಹೈಡೆಲ್‌ಬರ್ಗೋ, ಎಲ್ಲಾದರೂ ಇನ್ನೊಬ್ಬರ ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಅಂತ ಇನ್ನೊಂದು ನಾಲ್ಕೈದು ವರ್ಷ. ಚೆನ್ನಾಗಿ ಅನುಭವ ಪಡೆದು ಬನ್ನಿ, ಆದರೆ ಸಾಮಾನ್ಯ ವರ್ಗದ ಗಂಡಸಾದರೆ ಇನ್‌ಸ್ಪೈರ್‌ಗೆ 32 ದಾಟಬೇಡಿ. ನೀವು ಸ್ವತಂತ್ರವಾಗಿ ಯೋಚಿಸಬಲ್ಲಿರಿ ಅನ್ನುವುದಕ್ಕೆ ಹಳೆಯ ಬಾಸ್ ಪತ್ರ ಬರೆಯಬೇಕು. ಇವರಿಗೆ ನನ್ನ ನೆರವು ಬೇಕಿಲ್ಲ ಎಂದು ಅವರೇ ನೆರವಾಗಿ ಬರೆದುಕೊಡಬೇಕು! ಸೇರುವ ಸಂಸ್ಥೆಯದ್ದೂ ಒಂದು ಪತ್ರ. ಜಾಗ ಕೊಡುತ್ತೇವೆ, ಕರೆಂಟ್ ಕೊಡುತ್ತೇವೆ ಎಂದು ಅದರಲ್ಲಿ ಇರುತ್ತದೆ. ಐದು ವರ್ಷ ಆದಮೇಲೆ ಕೆಲಸ ಕೊಡುತ್ತೇವೆ ಎಂದು ಇರುವುದಿಲ್ಲ.

ಇನ್ನು ಗ್ರಾಂಟ್. ಅರ್ಜಿ ಹಾಕಿದರೆ ಸಮಿತಿ ಪ್ರಿಲಿಮಿನರಿ ಡೇಟಾ ಎಲ್ಲಿ ಅನ್ನುತ್ತದೆ. ಡೇಟಾ ಬೇಕಾದರೆ ಗ್ರಾಂಟ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಹಾಗೂ ಹೀಗೂ ಗ್ರಾಂಟ್ ಬಂತು ಅಂತಿಟ್ಟುಕೊಳ್ಳಿ. ಈಗ ನೀವು ವಿಜ್ಞಾನಿ ಅಲ್ಲ, ಪರ್ಚೇಸ್ ಕ್ಲರ್ಕ್. ಹನಿ ಅಳೆದು ಹಾಕುವ ಪಿಪೆಟ್‌ಗೆ ಸಿಕ್ಕಿಸುವ ಹತ್ತು ಮೈಕ್ರೋಲೀಟರ್ ಟಿಪ್ ಬೇಕು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಎಲ್ಲರಿಗಿಂತ ಕಡಿಮೆ ಬೆಲೆ ಹಾಕಿದವನಿಗೆ ಆರ್ಡರ್ ಹೋಗುತ್ತದೆ. ಚೀಲ ಬರುತ್ತದೆ. ಟಿಪ್ ಸಿಕ್ಕಿಸಿ ಟ್ಯೂಬಿನ ಮೇಲೆ ಹಿಡಿದರೆ ಅದು ಕಳಚಿ ಸ್ಯಾಂಪಲ್ ಒಳಗೇ ಬೀಳುತ್ತದೆ. ಯಾವುದೋ ರೋಗಿಯ ರಕ್ತದಿಂದ ಮೂರು ದಿನ ಕೂತು ತೆಗೆದ ಆರ್‌ಎನ್‌ಎ ಅದು. ಅಕೌಂಟ್ಸ್‌ನವರನ್ನು ಕೇಳಿದರೆ, "ಟಿಪ್ ಅಂತ ಬರೆದಿದ್ರಿ, ಟಿಪ್ ಬಂದಿದೆಯಲ್ಲ ಸಾರ್!" ಇಡೀ ಜಗತ್ತಿನಲ್ಲಿ ಒಂದೇ ಕಂಪನಿ ಮಾಡುವ ಆಂಟಿಬಾಡಿಗೂ ಮೊದಲು ಮೂರು ಕೊಟೇಶನ್ ಕೇಳುತ್ತಾರೆ. ಬೇರೆ ಯಾರೂ ಮಾಡಲ್ಲ ಸ್ವಾಮಿ ಅಂದರೆ, ಯಾರೂ ಮಾಡಲ್ಲ ಅನ್ನುವುದಕ್ಕೆ ಸರ್ಟಿಫಿಕೇಟ್ ಕೊಡಿ.

ಸರ್ಟಿಫಿಕೇಟ್ ಅಂದಾಗ 2024ರ ಜುಲೈ ಬಜೆಟ್ ನೆನಪಾಗುತ್ತದೆ. ಆಹಾ, ಅದನ್ನು ಮರೆಯೋಕಾಗುತ್ತಾ? ಲ್ಯಾಬ್ ಕೆಮಿಕಲ್‌ಗಳ ಆಮದು ಸುಂಕ 10 ಪರ್ಸೆಂಟ್ ಇದ್ದದ್ದು ರಾತ್ರೋರಾತ್ರಿ 150 ಆಯಿತು. ಆಗ ಹೊರದೇಶದ ವಿಸ್ಕಿಗೆ ಇದ್ದ ದರವೂ ಅದೇ. ಲ್ಯಾಬ್ ಕೆಮಿಕಲ್ ಅಂತ ಹೇಳಿ ಯಾರೋ ಆಲ್ಕೋಹಾಲ್ ತರಿಸುತ್ತಿದ್ದರಂತೆ, ಅದನ್ನು ತಡೆಯುವುದಕ್ಕಂತೆ. ಒಳ್ಳೇದು, ಅವರನ್ನು ಹಿಡಿಯಿರಿ. ಅದಕ್ಕೆ ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ಬಾಟಲಿ ಏನು ಮಾಡಿತ್ತು? ಅದರಲ್ಲಿರೋದು ಫೀನಾಲ್ ಕಣ್ರೀ. ಅದನ್ನು ಸೋಡಾ ಬೆರೆಸಿ ಕುಡಿಯೋ ಗಂಡು ಇನ್ನೂ ಹುಟ್ಟಿಲ್ಲ. ವಿಜ್ಞಾನಿಗಳು ಬೊಬ್ಬೆ ಹೊಡೆದ ಮೇಲೆ ಹತ್ತೇ ದಿನದಲ್ಲಿ ಮತ್ತೆ 10 ಪರ್ಸೆಂಟ್‌ಗೆ ಇಳಿಸಿದರು. ಆದರೆ ನನ್ನ ಬಳಕೆಗೇ ತರಿಸಿದ್ದು, ಮಾರುವುದಿಲ್ಲ ಅಂತ ಬರೆದುಕೊಡಬೇಕು. ಕ್ಯಾನ್ಸರ್ ಕಣದ ಮೇಲೆ ಕೆಲಸ ಮಾಡುವವರು ತಾವು ಬ್ರೋಕರ್ ಅಲ್ಲ ಅಂತ ಸಹಿ ಹಾಕಿದರು.

ಡ್ರೈ ಐಸ್‌ನಲ್ಲಿ ಬರುವ ಎನ್‌ಜೈಮ್ ಶುಕ್ರವಾರ ಸಂಜೆ ಏರ್‌ಪೋರ್ಟ್ ಕಾರ್ಗೋದಲ್ಲಿ ಇಳಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಸೋಮವಾರ ಫೈಲ್ ಕ್ಲಿಯರ್ ಆಗುತ್ತದೆ. ಡ್ರೈ ಐಸ್ ಭಾನುವಾರವೇ ಕ್ಲಿಯರ್ ಆಗಿರುತ್ತದೆ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. 2025ರ ಜೂನ್‌ನಲ್ಲಿ ನಿಯಮ ಸಡಿಲಿಸಿದರು. ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು. ಜೆಮ್ ಬಿಟ್ಟು ಹೊರಗೆ ಕೊಳ್ಳಲು ಡೈರೆಕ್ಟರ್ ಒಪ್ಪಿಗೆ ಕೊಡಬಹುದು. ಡೈರೆಕ್ಟರ್ ಊರಲ್ಲಿದ್ದರೆ ಸರಿ.

ದುಡ್ಡು ಬರುವುದು ಮಾರ್ಚ್‌ನಲ್ಲಿ. 31ರೊಳಗೆ ಖರ್ಚಾಗದಿದ್ದರೆ ವಾಪಸ್ ಹೋಗುತ್ತದೆ. ಖಾತೆ ಝೀರೋ ಬ್ಯಾಲೆನ್ಸ್. ಲ್ಯಾಬಿನ ಇಲಿಗಳು ಏಪ್ರಿಲ್‌ನಲ್ಲೂ ಕಾಳು ಕೇಳುತ್ತವೆ, ಅವಕ್ಕೆ ಹಣಕಾಸು ವರ್ಷ ಗೊತ್ತಿಲ್ಲ.

ಮೇಲ್ಗಡೆ ಮಾತ್ರ ಕೋಟಿಗಳದ್ದೇ ಮಾತು. ಸಂಶೋಧನೆಗೆ ಹಣ ಕೊಡುವ ಹೊಸ ಪ್ರತಿಷ್ಠಾನ ಎಎನ್‌ಆರ್‌ಎಫ್‌ಗೆ ಐದು ವರ್ಷಕ್ಕೆ 50,000 ಕೋಟಿ ಅಂದರು. ಅದರಲ್ಲಿ 36,000 ಕೋಟಿ ಖಾಸಗಿಯವರಿಂದ ಬರಬೇಕಂತೆ. ಆಮೇಲೆ 1 ಲಕ್ಷ ಕೋಟಿಯ ಇನ್ನೊಂದು ಯೋಜನೆ. ನೋಡಿದರೆ ಕಂಪನಿಗಳಿಗೆ ಕಡಿಮೆ ಬಡ್ಡಿಯ ಸಾಲ. ದೇಶ ಸಂಶೋಧನೆಗೆ ಮಾಡುವ ಒಟ್ಟು ಖರ್ಚು ಜಿಡಿಪಿಯ 0.64 ಪರ್ಸೆಂಟ್. ಭಾಷಣ ಅದರಲ್ಲಿ ಸೇರಿಲ್ಲ.

ತಮಾಷೆ ಸಾಕು. ಮಂಗನ ಕಾಯಿಲೆ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಕೈಬಿಟ್ಟಾಯಿತು. ಮಲೆನಾಡಿನವರು ಈಗಲೂ ಕಾಡಿಗೆ ಹೋಗುವ ಮುಂಚೆ ರೋಗ ಹರಡುವ ಉಣ್ಣೆ ಹುಳ ಕಚ್ಚದಿರಲಿ ಅಂತ ಸರ್ಕಾರ ಕೊಟ್ಟ ಎಣ್ಣೆ ಕೈಕಾಲಿಗೆ ಸವರಿಕೊಳ್ಳುತ್ತಾರೆ. ಇಂಥದ್ದರ ಮೇಲೆ ಇಪ್ಪತ್ತು ವರ್ಷ ಪಟ್ಟು ಹಿಡಿದು ಕೂರುವವರು ಬೇಕು. ಹಾಗೆ ಕೂರುತ್ತೇನೆ ಅಂತ ಬಂದ ಹುಡುಗಿಯನ್ನು ನಾವು ಬಿಲ್, ಸರ್ಟಿಫಿಕೇಟ್, ಫಾಲೋ-ಅಪ್ ಫೋನ್ ಅಂತ ಐದು ವರ್ಷ ಓಡಾಡಿಸುತ್ತೇವೆ. ಹೊರದೇಶದಿಂದ ಹಳೆಯ ಬಾಸ್ ಮೇಲ್ ಹಾಕುತ್ತಾರೆ, ವಾಪಸ್ ಬಾ ಅಂತ. ಅವಳು ವಿಮಾನ ಹತ್ತಿದರೆ ಪ್ರತಿಭಾ ಪಲಾಯನ ಅಂತ ಸೆಮಿನಾರ್ ಮಾಡುವವರೂ ನಾವೇ.

ಹೋಗಮ್ಮ, ಹೋಗು. ಸೆಮಿನಾರ್‌ಗೆ ಊಟದ ಕೊಟೇಶನ್ ಆಗಲೇ ಬಂದಿದೆಯಂತೆ.