ಕ್ಷಿಪಣಿಗೆ ಚಪ್ಪಾಳೆ, ಪಿಎಚ್‌ಡಿ ಹುಡುಗಿಗೆ ಕೊಂಕು

ನಿನ್ನೆ ಉಡುಪಿಯಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಒಂದು ಬದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ, ಇನ್ನೊಂದು ಬದಿಯಲ್ಲಿ ಅವಳ ಸಂಬಂಧದ ಒಬ್ಬ ಮಾವ. 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ, ಹಲ್ಲುಜ್ಜುವ ಮೊದಲೇ ಆಕಾಶ್ ಕ್ಷಿಪಣಿಯ ವಿಡಿಯೋ ಫಾರ್ವರ್ಡ್ ಮಾಡುತ್ತಿದ್ದವರು ಇವರು.

"ಎಂತ, ಇನ್ನೂ ಓದುದಾ ನೀನು?"

"ಪಿಎಚ್‌ಡಿ ಮಾವ. ವಿಷಗಾಳಿ ಪತ್ತೆ ಮಾಡುವ ಸೆನ್ಸರ್ ಮೇಲೆ. ಸೈನ್ಯಕ್ಕೂ ಬೇಕಾಗ್ತದೆ."

"ಅದೆಲ್ಲ ಡಿಆರ್‌ಡಿಒದವರು ನೋಡಿಕೊಳ್ತಾರೆ ಮಾರಾಯ್ತಿ. ನೀನು ಸುಮ್ನೆ ಬೆಂಗಳೂರಿಗೆ ಹೋಗಿ ಒಂದು ಕೆಲಸ ನೋಡು."

ಅವಳು ನಕ್ಕು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ನನಗೆ ಮಾತ್ರ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. (ಇಳಿಯಿತು. ಎರಡನೆಯದೂ ಇಳಿಯಿತು. ಸಿಟ್ಟು ಇಳಿಯಲಿಲ್ಲ, ಅಷ್ಟೇ.)

ಡಿಆರ್‌ಡಿಒದವರು ನೋಡಿಕೊಳ್ಳುತ್ತಾರಂತೆ! ಆ ಡಿಆರ್‌ಡಿಒದವರೇ, ಅಂದರೆ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆಯವರೇ, ಬೆಂಗಳೂರಿನ ಐಐಎಸ್‌ಸಿ, ಐಐಟಿ, ವಿಶ್ವವಿದ್ಯಾಲಯಗಳ ಒಳಗೆ ಕೇಂದ್ರಗಳನ್ನು ತೆರೆದು ಕೂತಿದ್ದಾರೆ. 2024ರಲ್ಲಿ ಬಂದ 'ಅಭೇದ್' ಗುಂಡು ನಿರೋಧಕ ಜಾಕೆಟ್ ತಯಾರಾಗಿದ್ದು ಐಐಟಿ ದೆಹಲಿಯ ಅಂಥ ಒಂದು ಕೇಂದ್ರದಲ್ಲಿ. ಪಾಲಿಮರ್ ಮತ್ತು ಬೋರಾನ್ ಕಾರ್ಬೈಡ್ ಸೆರಾಮಿಕ್‌ನಿಂದ ಮಾಡಿದ್ದು, ಹಗುರವಾದದ್ದರ ತೂಕ 8.2 ಕೆಜಿ. ಸ್ಫೋಟಕವನ್ನು ಮುಟ್ಟದೆ ದೂರದಿಂದಲೇ ಗುರುತಿಸುವ 'ರೈಡರ್ ಎಕ್ಸ್' ಯಂತ್ರ ಐಐಎಸ್‌ಸಿ ಮತ್ತು ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ಸೇರಿ ಮಾಡಿದ್ದು. ಅಲ್ಲಿ ರಾತ್ರಿ ಹನ್ನೊಂದಕ್ಕೂ ಲ್ಯಾಬಿನಲ್ಲಿ ಕೂತಿರುವವರು ಇಂಥ ಹುಡುಗ ಹುಡುಗಿಯರೇ. ಮದುವೆ ಮನೆಯಲ್ಲಿ "ಇನ್ನೂ ಓದುದಾ" ಅಂತ ಕೇಳಿಸಿಕೊಳ್ಳುವವರೂ ಇವರೇ.

ಅವಳ ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೆಮಿಸ್ಟ್ರಿ ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ. ಟಿನ್ ಆಕ್ಸೈಡ್‌ನಂಥ ಪದಾರ್ಥದ ತೆಳುವಾದ ಪದರವನ್ನು ಬಿಸಿ ಮಾಡಿ ಇಡುತ್ತಾರೆ. ಗಾಳಿಯ ಆಮ್ಲಜನಕ ಅದರ ಮೇಲೆ ಬಂದು ಕೂರುತ್ತದೆ. ಬೇರೆ ಅನಿಲ ಬಂದು ಆ ಆಮ್ಲಜನಕದ ಜೊತೆ ವರ್ತಿಸಿದರೆ ಪದರದ ವಿದ್ಯುತ್ ರೋಧ ಬದಲಾಗುತ್ತದೆ. ಅದನ್ನು ಅಳೆದರೆ ಅನಿಲ ಬಂದದ್ದು ಗೊತ್ತಾಗುತ್ತದೆ. ಕೇಳಲು ಸುಲಭ. ಆದರೆ ನೀರಿನ ಆವಿಯೂ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಒಣ ಹವೆಯಲ್ಲಿ ಚಂದ ಕೆಲಸ ಮಾಡಿದ ಸೆನ್ಸರ್ ನಮ್ಮ ಜೂನ್ ತಿಂಗಳ ಗಾಳಿಗೆ ಸುಳ್ಳು ಹೇಳಲು ಶುರು ಮಾಡುತ್ತದೆ. ಬಟ್ಟೆಯೇ ಒಣಗದ ಊರು ಇದು. ಇಲ್ಲಿ ಸೆನ್ಸರ್ ಪಾಡು ಕೇಳಬೇಕೇ? ನಾಲ್ಕು ಸಲ ಸುಮ್ಮಸುಮ್ಮನೆ ಕೂಗಿದರೆ ಐದನೇ ಸಲ ಯಾರೂ ತಲೆ ಎತ್ತಿ ನೋಡುವುದಿಲ್ಲ. ಆ ತೇವಕ್ಕೆ ಮೋಸ ಹೋಗದ ಪದರವನ್ನು ಹುಡುಕುವುದು ಅವಳ ಕೆಲಸ. ಸಮುದ್ರದಲ್ಲೇ ಇರುವ ನೌಕಾಪಡೆಗೆ ಇದು ಬೇಡವೇ?

ವಿಷಗಾಳಿ ಅಂದರೆ ಸಿನಿಮಾದ ಮಾತಲ್ಲ. 1915ರಲ್ಲಿ ಬೆಲ್ಜಿಯಂನ ಈಪರ್ ಬಳಿ ಜರ್ಮನ್ನರು ಬಿಟ್ಟಿದ್ದು ಕ್ಲೋರಿನ್. 1995ರಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ಒಂದು ಪಂಥದವರು ಸಾರಿನ್ ಎಂಬ ನರಗಳನ್ನೇ ಕೆಡಿಸುವ ವಿಷ ಬಿಟ್ಟರು. ರೋಗಿಗಳ ಬಟ್ಟೆಗೆ ಅಂಟಿಕೊಂಡಿದ್ದ ಸಾರಿನ್ ಆಸ್ಪತ್ರೆಯ ಸಿಬ್ಬಂದಿಯನ್ನೂ ಬಿಡಲಿಲ್ಲ. ನಮ್ಮ ದೇಶ ತನ್ನ ಬಳಿ ಇದ್ದ ರಾಸಾಯನಿಕ ಅಸ್ತ್ರಗಳನ್ನು ಒಪ್ಪಂದದಂತೆ 2009ರಲ್ಲೇ ನಾಶ ಮಾಡಿತು. ಹಾಗಾಗಿ "ಕಾಲೇಜಿನಲ್ಲಿ ಯುದ್ಧದ ಕೆಲಸ ಯಾಕೆ" ಅನ್ನುವ ನನ್ನ ಕೆಲವು ಗೆಳೆಯರು ದಯವಿಟ್ಟು ಗಮನಿಸಿ. ಅವಳು ವಿಷ ಮಾಡುತ್ತಿಲ್ಲ, ಮೂಗು ಮಾಡುತ್ತಿದ್ದಾಳೆ.

ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಒಪ್ಪಿಕೊಳ್ಳುತ್ತೇನೆ. ನನ್ನ ಮನೆ ಇರುವುದು ಸುರತ್ಕಲ್ ಹತ್ತಿರ. ಒಂದು ಕಡೆ ಎಂಆರ್‌ಪಿಎಲ್‌ನ ತೈಲ ಸಂಸ್ಕರಣಾಗಾರ, ಒಂದು ಕಡೆ ಪಣಂಬೂರಿನ ಬಂದರು, ಪಕ್ಕದಲ್ಲೇ ಅಮೋನಿಯಾದಿಂದ ಯೂರಿಯಾ ಮಾಡುವ ಗೊಬ್ಬರದ ಕಾರ್ಖಾನೆ. ನೆಲದಡಿಯಲ್ಲಿ ದೇಶದ ತುರ್ತಿಗೆಂದು ಇಟ್ಟ ಕಚ್ಚಾತೈಲದ ಗುಹೆಗಳು, ಮಂಗಳೂರಿನಲ್ಲಿ 15 ಲಕ್ಷ ಟನ್, ಕಾಪು ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯದವು. ಶತ್ರುವಿನ ಕಣ್ಣು ಬೀಳಲು ಇನ್ನೇನು ಬೇಕು? ಶತ್ರು ಬೇಡ, ಒಂದು ಪೈಪ್ ಸೋರಿದರೂ ಸಾಕು. ದೇಶಭಕ್ತಿ ಆಮೇಲೆ, ನನಗೆ ಮೊದಲು ನನ್ನ ಶ್ವಾಸಕೋಶದ ಚಿಂತೆ.

ಈಗ ಒಬ್ಬರಾದರೂ ಹೇಳುತ್ತೀರಿ: "ಮೇಷ್ಟ್ರೇ, ಎಷ್ಟೋ ಪಿಎಚ್‌ಡಿ ಬರೀ ಪೇಪರ್ ಆಗಿ ಕಪಾಟಿನಲ್ಲೇ ಕೊಳೆಯುತ್ತವೆ." ಹೌದು, ಪ್ರಮೋಷನ್ನಿಗಾಗಿಯೇ ಬರೆದದ್ದನ್ನು ನಾನೂ ರಾಶಿ ರಾಶಿ ಓದಿದ್ದೇನೆ. ಹಾಗಂತ ಲ್ಯಾಬಿಗೆ ಬೀಗ ಹಾಕೋಣವೇ? 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬಿಬ್ಬರು ಮೈಕ್ರೋವೇವ್ ಅಲೆಗಳನ್ನು ಹೊರಡಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಸಾಧನ ಮಾಡಿದರು. ವಿಮಾನದೊಳಗೆ ಹಿಡಿಸುವಷ್ಟು ಚಿಕ್ಕ ರೇಡಾರ್ ಸಾಧ್ಯವಾಗಿದ್ದು ಅದರಿಂದ. ಅವಳ ಆ ಮಾವನ ಮನೆಯ ಮೈಕ್ರೋವೇವ್‌ನಲ್ಲಿ ನಿನ್ನೆಯ ಸಾಂಬಾರು ಬಿಸಿಯಾಗುವುದೂ ಅದರಿಂದಲೇ. ಯಾವ ಪೇಪರ್ ಕೊಳೆಯುತ್ತದೆ, ಯಾವುದು ರೇಡಾರ್ ಆಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅದನ್ನು ಸಂಶೋಧನೆ ಅಂತ ಯಾರು ಕರೆಯುತ್ತಿದ್ದರು?

2020-21ರ ಲೆಕ್ಕದಂತೆ ನಾವು ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64. 2022ರ ಬಜೆಟ್‌ನಲ್ಲಿ ರಕ್ಷಣಾ ಸಂಶೋಧನೆಯ ಹಣದಲ್ಲಿ ಶೇ. 25ನ್ನು ಉದ್ಯಮ, ಸ್ಟಾರ್ಟಪ್, ಶಿಕ್ಷಣ ಸಂಸ್ಥೆಗಳಿಗೆ ಅಂತ ತೆಗೆದಿಟ್ಟರು. ಒಳ್ಳೆಯದೇ. ಕಿರಿಯ ಸಂಶೋಧಕರ ಫೆಲೋಶಿಪ್ಪನ್ನು 2023ರಲ್ಲಿ 37,000ಕ್ಕೆ ಏರಿಸಿದ್ದೂ ಒಳ್ಳೆಯದೇ. ಆದರೆ ಅದು ತಿಂಗಳುಗಟ್ಟಲೆ ಬರದೆ ಮನೆಯಿಂದ ದುಡ್ಡು ತರಿಸಿಕೊಂಡ ಮಕ್ಕಳು ನನಗೆ ಗೊತ್ತು. ಪಿಜಿ ಮಾಲೀಕರಿಗೆ ಮಾತ್ರ ಬಾಡಿಗೆ ಒಂದನೇ ತಾರೀಕಿಗೇ ಆಗಬೇಕು. ಅವರ ವಾಟ್ಸ್ಆ್ಯಪ್ ಡಿಪಿಯಲ್ಲೂ ಒಂದು ಕ್ಷಿಪಣಿ ಇದೆಯಂತೆ.